ಸ್ಕ್ರ್ಯಾಪ್‌ಬುಕ್ ಮಾಡುವ ಬಗೆ: ಹಾಳೆ, ಅಂಟು, ಶಾಯಿ ಆರಿಸುವುದರಿಂದ ಪುಟ ಮುಗಿಸುವವರೆಗೆ

ನಮ್ಮ ಮನೆಯಲ್ಲಿ ಒಂದು ಹಳೆಯ ಆಲ್ಬಮ್ ಇತ್ತು. ಪ್ಲಾಸ್ಟಿಕ್ ಹಾಳೆ ಎತ್ತಿ, ಗೆರೆ ಗೆರೆಯಾಗಿ ಅಂಟು ಹಚ್ಚಿದ ರಟ್ಟಿನ ಮೇಲೆ ಫೋಟೊ ಇಟ್ಟು, ಮತ್ತೆ ಪ್ಲಾಸ್ಟಿಕ್ ಮುಚ್ಚಿದರೆ ಕೆಲಸ ಮುಗಿಯಿತು. ಎಷ್ಟು ಸುಲಭ ಅಂತ ಎಲ್ಲರೂ ಅದನ್ನೇ ಮೆಚ್ಚಿಕೊಂಡಿದ್ದರು. ಒಂದು ದಿನ ಅದರಿಂದ ಅಜ್ಜಿಯ ಫೋಟೊ ಬಿಡಿಸಲು ಹೋದೆ. ಅರ್ಧ ಫೋಟೊ ಕೈಗೆ ಬಂತು. ಉಳಿದರ್ಧ ರಟ್ಟಿಗೇ ಕಚ್ಚಿಕೊಂಡು ಹರಿದುಹೋಯಿತು. ಅದರ ನೆಗೆಟಿವ್ ಇರಲಿಲ್ಲ. ಇನ್ನೊಂದು ಪ್ರತಿಯೂ ಇರಲಿಲ್ಲ.

ಫೋಟೊ, ಟಿಕೆಟ್, ಪತ್ರಗಳನ್ನು ಹಾಳೆಗೆ ಹಚ್ಚಿ, ಪಕ್ಕದಲ್ಲಿ ಅವುಗಳ ಕಥೆ ಬರೆದಿಡುವ ಪುಸ್ತಕವೇ ಸ್ಕ್ರ್ಯಾಪ್‌ಬುಕ್. ಆ ಹೆಸರು ಕೇಳಿದ ಕೂಡಲೇ ಬಣ್ಣದ ಕಾಗದ, ಸ್ಟಿಕರ್, ರಿಬ್ಬನ್ ನೆನಪಾಗುತ್ತವೆ. ಅವೂ ಬೇಕು, ಅವುಗಳಲ್ಲಿ ಖುಷಿ ಇದೆ. ಆದರೆ ನಾನು ಅಲ್ಲಿಂದ ಶುರು ಮಾಡುವುದಿಲ್ಲ. ಫೋಟೊಗೆ ತಾಗುವ ಹಾಳೆ ಎಂಥದ್ದು, ಅಂಟು ಎಂಥದ್ದು, ಪಕ್ಕದಲ್ಲಿ ನೀವು ಏನು ಬರೆದಿದ್ದೀರಿ ಎಂಬ ಮೂರು ವಿಷಯಗಳೇ ಪುಸ್ತಕದ ಆಯಸ್ಸನ್ನು ತೀರ್ಮಾನಿಸುತ್ತವೆ. ಈ ಮೂರು ಸರಿ ಇದ್ದರೆ ಅಲಂಕಾರ ಕಮ್ಮಿಯಾದರೂ ಆ ಪುಸ್ತಕ ಐವತ್ತು ವರ್ಷದ ಮೇಲೆ ಯಾರಾದರೂ ಕೈಗೆತ್ತಿಕೊಂಡು ಓದುವ ಹಾಗಿರುತ್ತದೆ.

ಮೊದಲ ಹೆಜ್ಜೆ: ಒಂದು ಸಣ್ಣ ವಿಷಯ ಹಿಡಿಯಿರಿ

"ನಮ್ಮ ಕುಟುಂಬದ ಪೂರ್ತಿ ಕಥೆ" ಅಂತ ಹೊರಟವರು ಬಹುಪಾಲು ಮೂರನೇ ಪುಟದಲ್ಲೇ ನಿಂತುಬಿಡುತ್ತಾರೆ. ಅದರ ಬದಲು ಒಂದು ಪ್ರವಾಸ, ಮಗುವಿನ ಮೊದಲ ವರ್ಷ, ಹಳೇ ಮನೆ ಬಿಟ್ಟು ಹೊಸ ಮನೆಗೆ ಹೋದ ತಿಂಗಳು, ಹೀಗೆ ಶುರು, ಕೊನೆ ಎರಡೂ ಕಾಣುವಂಥ ವಿಷಯ ಆರಿಸಿಕೊಳ್ಳಿ. ಹತ್ತು ಹನ್ನೆರಡು ಪುಟದಲ್ಲಿ ಮುಗಿಯಬೇಕು. ಮೊದಲ ಪುಸ್ತಕ ಮುಗಿಸಿದ ಅನುಭವ ಎರಡನೆಯದಕ್ಕೆ ದಾರಿ ತೋರಿಸುತ್ತದೆ.

ವಿಷಯ ಗೊತ್ತಾದ ಮೇಲೆ ಅದಕ್ಕೆ ಸೇರಿದ್ದನ್ನೆಲ್ಲ ಒಂದು ಡಬ್ಬಿಗೆ ಹಾಕಿ. ಫೋಟೊ, ಟಿಕೆಟ್, ಪತ್ರ, ಕೈಯಲ್ಲಿ ಬರೆದ ಚೀಟಿ, ನಕ್ಷೆ, ಆಸ್ಪತ್ರೆಯ ಕೈಪಟ್ಟಿ, ಏನೇ ಆಗಲಿ. ಒಂದೆರಡು ವಾರ ಬಿಟ್ಟು ಮತ್ತೆ ನೋಡಿ. ಮೊದಲ ದಿನ ಬಹಳ ಮುಖ್ಯ ಅನ್ನಿಸಿದ್ದು ಆಗ ಹಾಗೆ ಅನ್ನಿಸುವುದಿಲ್ಲ. ಸುಮ್ನೆ ಹಾಕಿದ ಒಂದು ಚೀಟಿಯೇ ಇಡೀ ದಿನವನ್ನು ಕಣ್ಣ ಮುಂದೆ ತರುತ್ತದೆ.

ಫೋಟೊಗಳನ್ನು ಆರಿಸಲು ಒಂದು ಲೆಕ್ಕ ಹೇಳುತ್ತೇನೆ. ಒಂದು ಪುಟಕ್ಕೆ ಮೂರು ಫೋಟೊ. ಇನ್ನೂರು ಫೋಟೊ ಇದ್ದರೂ ಹತ್ತು ಪುಟಕ್ಕೆ ಬೇಕಾಗಿರುವುದು ಮೂವತ್ತು ಮಾತ್ರ. ಪ್ರತಿ ಪುಟದಲ್ಲಿ ಒಂದು ದೂರದ ನೋಟ, ಒಂದು ಮುಖ, ಒಂದು ಹತ್ತಿರದ ಸಣ್ಣ ವಿವರ ಇದ್ದರೆ ಪುಟ ತಾನಾಗಿಯೇ ಮಾತಾಡುತ್ತದೆ. ಒಂದೇ ಕಡೆ ನಿಂತು ತೆಗೆದ ಐದು ಗುಂಪು ಫೋಟೊಗಳಲ್ಲಿ ಎಲ್ಲರೂ ಕಣ್ಣು ತೆರೆದಿರುವ ಒಂದು ಸಾಕು ಅಲ್ವಾ?

ಎರಡನೇ ಹೆಜ್ಜೆ: ಮೂಲ ಫೋಟೊಗೆ ಕತ್ತರಿ ಹಾಕುವ ಮೊದಲು

ಒಂದೇ ಪ್ರತಿ ಇರುವ ಹಳೇ ಫೋಟೊವನ್ನು ಪುಟಕ್ಕೆ ಅಂಟಿಸಬೇಡಿ. ಅದನ್ನು ಸ್ಕ್ಯಾನ್ ಮಾಡಿ, ಹೊಸ ಪ್ರಿಂಟ್ ತೆಗೆದು ಅದನ್ನು ಬಳಸಿ. ಮೂಲ ಫೋಟೊ ಬೇರೆ ಕಡೆ ಭದ್ರವಾಗಿರಲಿ. 4×6 ಇಂಚಿನ ಫೋಟೊವನ್ನು 600 ಡಿಪಿಐಯಲ್ಲಿ, ಅಂದರೆ ಇಂಚಿಗೆ 600 ಚುಕ್ಕಿಯ ಲೆಕ್ಕದಲ್ಲಿ, ಸ್ಕ್ಯಾನ್ ಮಾಡಿದರೆ 2400×3600 ಪಿಕ್ಸೆಲ್ ಸಿಗುತ್ತದೆ. ಅದರಿಂದ 8×12 ಇಂಚಿನಷ್ಟು ದೊಡ್ಡ ಪ್ರಿಂಟ್ ಕೂಡ ಚೆನ್ನಾಗಿ ಬರುತ್ತದೆ.

ಫೋನಿನಲ್ಲಿ ತೆಗೆದ ಫೋಟೊ ಆದರೆ ಇಂಚಿಗೆ 300 ಪಿಕ್ಸೆಲ್ ಲೆಕ್ಕ ಇಟ್ಟುಕೊಳ್ಳಿ. 4×6 ಪ್ರಿಂಟಿಗೆ 1200×1800 ಪಿಕ್ಸೆಲ್ ಬೇಕು. ಮೆಸೇಜಿಂಗ್ ಆ್ಯಪ್‌ಗಳಲ್ಲಿ ಬಂದ ಫೋಟೊ ಬಹಳ ಸಲ ಕುಗ್ಗಿರುತ್ತದೆ. ತೆಗೆದವರ ಹತ್ತಿರ ಮೂಲ ಫೈಲನ್ನೇ ಕೇಳಿ ಪಡೆಯಿರಿ. ಮನೆಯ ಇಂಕ್‌ಜೆಟ್ ಪ್ರಿಂಟರ್‌ನಲ್ಲಿ ತೆಗೆದಿದ್ದರೆ ಒಂದು ದಿನ ಪೂರ್ತಿ ಒಣಗಲು ಬಿಟ್ಟು ಆಮೇಲೆ ಪ್ಲಾಸ್ಟಿಕ್ ಕವರಿಗೆ ಹಾಕಿ.

ಕ್ಯಾಮೆರಾದಿಂದ ನೇರವಾಗಿ ಹೊರಬರುವ ಇನ್‌ಸ್ಟಂಟ್ ಫೋಟೊಗಳನ್ನು ಎಂದೂ ಕತ್ತರಿಸಬೇಡಿ. ಅವುಗಳ ಒಳಗೆ ರಾಸಾಯನಿಕದ ಪದರಗಳಿವೆ. ಅಂಚು ಕತ್ತರಿಸಿದರೆ ಪದರ ಬಿಟ್ಟುಕೊಳ್ಳುತ್ತದೆ.

ಮೂರನೇ ಹೆಜ್ಜೆ: ಆಲ್ಬಮ್

ಸ್ಕ್ರ್ಯಾಪ್‌ಬುಕ್ ಮಾಡುವವರಲ್ಲಿ ತುಂಬಾ ಬಳಕೆಯಲ್ಲಿರುವ ಅಳತೆ 12×12 ಇಂಚು. ಕಾಗದ, ಕವರ್ ಎಲ್ಲ ಈ ಅಳತೆಗೆ ಸುಲಭವಾಗಿ ಸಿಗುತ್ತವೆ. 8×8 ಮತ್ತು 6×6 ಚಿಕ್ಕ ಪುಸ್ತಕಗಳಿಗೆ, ಉಡುಗೊರೆಗೆ ಚೆನ್ನ. ಎ4 ಹಾಳೆಯಲ್ಲಿ ಮಾಡಿದರೆ ಮನೆಯ ಪ್ರಿಂಟರ್‌ನಲ್ಲೇ ಪುಟ ಮುದ್ರಿಸಬಹುದು, ಅದೊಂದು ದೊಡ್ಡ ಅನುಕೂಲ.

ಕಟ್ಟುವ ಬಗೆಯಲ್ಲಿ ಎರಡನ್ನು ನೋಡಿ. ಸ್ಕ್ರೂ ಹಾಕಿ ಕಟ್ಟುವ ಆಲ್ಬಮ್‌ನಲ್ಲಿ ಎದುರು ಬದುರಿನ ಪುಟಗಳು ಹತ್ತಿರ ಕೂಡಿಕೊಳ್ಳುತ್ತವೆ, ನೋಡಲು ಚಂದ. ಆದರೆ ನಡುವೆ ಒಂದು ಪುಟ ಸೇರಿಸಬೇಕಾದರೆ ಬಿಚ್ಚಿ ಕಟ್ಟಬೇಕು. ರಿಂಗ್ ಆಲ್ಬಮ್‌ನಲ್ಲಿ ಸೇರಿಸುವುದು ತೆಗೆಯುವುದು ಎರಡೂ ಸಲೀಸು. ಹೊಸಬರಿಗೆ ನಾನು ಹೇಳುವುದು ರಿಂಗ್ ಆಲ್ಬಮ್ಮೇ, ಅದರಲ್ಲೂ ಡಿ ಆಕಾರದ ರಿಂಗ್ ಇರುವುದು. ಅದರಲ್ಲಿ ಪುಟಗಳು ಒಂದರ ಮೇಲೊಂದು ನೇರವಾಗಿ ಕೂರುತ್ತವೆ.

ಸಮಯ ಸಿಗದವರಿಗೆ ಜೇಬಿನ ಹಾಳೆಗಳಿವೆ. 12×12ರ ಒಂದು ಪ್ಲಾಸ್ಟಿಕ್ ಹಾಳೆಯಲ್ಲಿ 4×6ರ ಆರು ಜೇಬುಗಳು ಬರುತ್ತವೆ. ನಾಲ್ಕಕ್ಕೆ ಫೋಟೊ, ಎರಡಕ್ಕೆ ಬರಹದ ಕಾರ್ಡ್ ತೂರಿಸಿದರೆ ಪುಟ ಸಿದ್ಧ. ಅಂಟೇ ಬೇಕಾಗಿಲ್ಲ.

ಪುಟ ಮುಚ್ಚುವ ಪ್ಲಾಸ್ಟಿಕ್ ಕವರ್ ಯಾವುದರಿಂದ ಮಾಡಿದ್ದು ಅಂತ ಓದಿ ನೋಡಿ. ಪಾಲಿಪ್ರೊಪಿಲೀನ್, ಪಾಲಿಎಥಿಲೀನ್, ಪಾಲಿಯೆಸ್ಟರ್ ಈ ಮೂರೂ ಫೋಟೊಗೆ ತೊಂದರೆ ಕೊಡುವುದಿಲ್ಲ. ಪಿವಿಸಿ ಬೇಡವೇ ಬೇಡ. ಅದು ಹಳತಾಗುತ್ತಾ ಹೈಡ್ರೊಕ್ಲೋರಿಕ್ ಆಮ್ಲವನ್ನು ಬಿಡುತ್ತದೆ. ಮೆತ್ತಗಾಗಲಿ ಅಂತ ಸೇರಿಸಿದ ಎಣ್ಣೆಯಂಥ ಪದಾರ್ಥ ಹೊರಬಂದು ಫೋಟೊಗೆ ಅಂಟುತ್ತದೆ. ಕವರ್ ತೆರೆದಾಗ ಹೊಸ ರೇನ್‌ಕೋಟಿನ ಹಾಗೆ ಘಾಟು ಬಂದರೆ ಅದನ್ನು ಅಲ್ಲೇ ಬಿಡಿ.

ನಾಲ್ಕನೇ ಹೆಜ್ಜೆ: ಹಾಳೆ

ಇಲ್ಲಿ ಸ್ವಲ್ಪ ನಿಲ್ಲೋಣ. ಹಳೇ ದಿನಪತ್ರಿಕೆ ಬಿಸಿಲಿಗೆ ಬಿದ್ದರೆ ಕೆಲವೇ ದಿನಗಳಲ್ಲಿ ಹಳದಿಯಾಗುವುದನ್ನು ಎಲ್ಲರೂ ನೋಡಿದ್ದೇವೆ. ಇದಕ್ಕೆ ಕಾರಣ ಲಿಗ್ನಿನ್. ಮರಕ್ಕೆ ಗಟ್ಟಿತನ ಕೊಡುವ ಪದಾರ್ಥ ಅದು. ಮರವನ್ನು ಸುಮ್ಮನೆ ಅರೆದು ಮಾಡಿದ ಕಾಗದದಲ್ಲಿ ಲಿಗ್ನಿನ್ ಹಾಗೇ ಉಳಿದಿರುತ್ತದೆ. ಬೆಳಕು, ಗಾಳಿ ತಾಗಿದಾಗ ಬಣ್ಣ ಬದಲಾಗಿ ಆಮ್ಲ ಹುಟ್ಟುತ್ತದೆ. ಆ ಆಮ್ಲ ಕಾಗದದ ನಾರುಗಳನ್ನು ತುಂಡು ಮಾಡುತ್ತದೆ. ಕೊನೆಗೆ ಮಡಿಸಿದ ಜಾಗದಲ್ಲಿ ಹಪ್ಪಳದ ಹಾಗೆ ಮುರಿಯುತ್ತದೆ. ಆಮ್ಲ ಒಂದೇ ಹಾಳೆಯಲ್ಲಿ ನಿಲ್ಲುವುದೂ ಇಲ್ಲ. ಪಕ್ಕದ ಹಾಳೆಗೆ, ಅದರ ಮೇಲಿನ ಫೋಟೊಗೆ ಹರಡುತ್ತದೆ. ಹಳೇ ಪುಸ್ತಕದಲ್ಲಿ ಪತ್ರಿಕೆಯ ತುಂಡು ಇಟ್ಟ ಕಡೆ ಅದೇ ಆಕಾರದ ಕಂದು ಕಲೆ ಉಳಿದಿರುವುದನ್ನು ನೋಡಿದ್ದೀರಾ? ಅದೇ ಇದು.

ಹಾಗಾಗಿ ಹಾಳೆ ಕೊಳ್ಳುವಾಗ ಮೂರು ಮಾತು ಹುಡುಕಿ. ಆಸಿಡ್ ಫ್ರೀ, ಲಿಗ್ನಿನ್ ಫ್ರೀ, ಬಫರ್ಡ್. ಆಸಿಡ್ ಫ್ರೀ ಅಂದರೆ ಅದರ ಪಿಎಚ್ 7 ಅಥವಾ ಜಾಸ್ತಿ. ಪಿಎಚ್ ಅನ್ನುವುದು ಆಮ್ಲದ ಅಳತೆ, 7ಕ್ಕಿಂತ ಕಮ್ಮಿ ಇದ್ದರೆ ಆಮ್ಲ ಇದೆ ಅಂತ. ಬಫರ್ಡ್ ಅಂದರೆ ಕ್ಯಾಲ್ಸಿಯಂ ಕಾರ್ಬೊನೇಟ್, ಅಂದರೆ ಸೀಮೆಸುಣ್ಣದ ಜಾತಿಯ ಪದಾರ್ಥ, ಹಾಳೆಯಲ್ಲಿ ಸೇರಿದೆ ಅಂತ. ಮುಂದೆ ಗಾಳಿಯಿಂದಲೋ ಪಕ್ಕದ ವಸ್ತುವಿನಿಂದಲೋ ಬರುವ ಆಮ್ಲವನ್ನು ಅದು ನುಂಗಿಕೊಳ್ಳುತ್ತದೆ. ಬಹುಕಾಲ ಬಾಳುವ ಕಾಗದಕ್ಕೆಂದೇ ಇರುವ ಐಎಸ್‌ಒ 9706 ಎಂಬ ಮಾನದಂಡ ಕನಿಷ್ಠ ಶೇ 2ರಷ್ಟು ಕ್ಯಾಲ್ಸಿಯಂ ಕಾರ್ಬೊನೇಟ್‌ಗೆ ಸಮನಾದ ಬಫರ್ ಕೇಳುತ್ತದೆ.

ಇನ್ನೊಂದು ಪರೀಕ್ಷೆಯ ಹೆಸರನ್ನೂ ನೆನಪಿಡಿ: ಫೋಟೊಗ್ರಾಫಿಕ್ ಆ್ಯಕ್ಟಿವಿಟಿ ಟೆಸ್ಟ್, ಚಿಕ್ಕದಾಗಿ ಪಿಎಟಿ. ಐಎಸ್‌ಒ 18916 ಅದರ ಸಂಖ್ಯೆ. ಹಾಳೆಯನ್ನೋ ಅಂಟನ್ನೋ ಫೋಟೊದಂಥ ಪದರಕ್ಕೆ ತಾಗಿಸಿ, ಬಿಸಿ ಮತ್ತು ತೇವದಲ್ಲಿ 15 ದಿನ ಇಟ್ಟು, ಕಲೆ ಬಿತ್ತೇ, ಬಣ್ಣ ಕೆಟ್ಟಿತೇ ಅಂತ ನೋಡುತ್ತಾರೆ. ಪಿಎಟಿ ಪಾಸಾಗಿದೆ ಅಂತ ಬರೆದಿದ್ದರೆ ಆ ಮಾತಿಗೆ ತೂಕ ಇದೆ. "ಆರ್ಕೈವಲ್", "ಫೋಟೊ ಸೇಫ್" ಅಂತ ಮಾತ್ರ ಬರೆದಿದ್ದರೆ ಅದನ್ನೇ ನಂಬಿ ಕೂರಬೇಡಿ. ಆ ಪದಗಳಿಗೆ ಎಲ್ಲರೂ ಒಪ್ಪಿದ ಅಳತೆಗೋಲಿಲ್ಲ.

ಮನೆಯಲ್ಲಿರುವ ಕಾಗದವನ್ನು ಪರೀಕ್ಷಿಸಲು ಪಿಎಚ್ ಪೆನ್ ಸಿಗುತ್ತದೆ. ಒಂದು ಮೂಲೆಯಲ್ಲಿ ಗೆರೆ ಎಳೆಯಿರಿ. ನೇರಳೆ ಬಣ್ಣಕ್ಕೆ ತಿರುಗಿದರೆ ಚಿಂತೆಯಿಲ್ಲ, ಹಳದಿಯಾಗಿ ಉಳಿದರೆ ಆಮ್ಲ ಇದೆ. ಗೆರೆ ಅಳಿಸಿಹೋಗುವುದಿಲ್ಲ, ಹಾಗಾಗಿ ಕತ್ತರಿಸಿ ಉಳಿದ ತುಂಡಿನ ಮೇಲೆ ಮಾಡಿ. ಈ ಪೆನ್ ಹಾಳೆಯ ಮೇಲ್ಮೈಯನ್ನು ಮಾತ್ರ ಹೇಳುತ್ತದೆ, ಲಿಗ್ನಿನ್ ಇದೆಯೋ ಇಲ್ಲವೋ ಹೇಳುವುದಿಲ್ಲ.

ಈಗ ದಪ್ಪದ ಮಾತು. ಜಿಎಸ್‌ಎಂ ಅಂದರೆ ಒಂದು ಚದರ ಮೀಟರ್ ಹಾಳೆ ಎಷ್ಟು ಗ್ರಾಂ ತೂಗುತ್ತದೆ ಅನ್ನುವುದು. ಝೆರಾಕ್ಸ್ ಹಾಳೆ 70ರಿಂದ 80 ಜಿಎಸ್‌ಎಂ. ಪುಟದ ಆಧಾರಕ್ಕೆ ಅದು ಸಾಲದು, ನಾಲ್ಕು ಫೋಟೊ ಅಂಟಿಸಿದರೆ ಬಗ್ಗಿಹೋಗುತ್ತದೆ. ಕಾರ್ಡ್‌ಸ್ಟಾಕ್ ಎನ್ನುವ ದಪ್ಪ ಹಾಳೆ ಬೇಕು. 200 ಜಿಎಸ್‌ಎಂ ಆಸುಪಾಸಿನದು ಬಹಳಷ್ಟು ಕೆಲಸಕ್ಕೆ ಸರಿ. ಗುಂಡಿ, ಮರದ ತುಂಡಿನಂಥ ಭಾರದ ವಸ್ತು ಹಚ್ಚುವಿರಾದರೆ 270ರಿಂದ 300ಕ್ಕೆ ಹೋಗಿ. ಚಿತ್ತಾರದ ಕಾಗದ ತೆಳುವಾಗಿದ್ದರೂ ನಡೆಯುತ್ತದೆ, ಅದನ್ನು ಕಾರ್ಡ್‌ಸ್ಟಾಕ್ ಮೇಲೆ ತಾನೇ ಹಚ್ಚುವುದು.

ಹಾಳೆಯನ್ನು ಒಂದು ಕಡೆ ಸ್ವಲ್ಪ ಹರಿದು ನೋಡುವುದೂ ಒಳ್ಳೆಯದು. ಕೆಲವದರಲ್ಲಿ ಬಣ್ಣ ಒಳಗಿನವರೆಗೂ ಒಂದೇ ಇರುತ್ತದೆ, ಕೆಲವದರ ನಡುವೆ ಬಿಳಿ ತಿರುಳು ಕಾಣುತ್ತದೆ. ಅಂಚು ಹರಿದು ಅಂಟಿಸುವ ಅಂದ ಬೇಕಾದರೆ ಬಿಳಿ ತಿರುಳಿನದೇ ಚೆನ್ನ, ಅಂಚಿನಲ್ಲಿ ನೊರೆಯಂಥ ಗೆರೆ ಮೂಡುತ್ತದೆ. ಕಡು ಕೆಂಪು, ಕಡು ನೀಲಿ ಹಾಳೆಗಳ ಮೇಲೆ ಒಂದು ಹನಿ ನೀರು ಹಾಕಿ ಬಿಳಿ ಬಟ್ಟೆಯಿಂದ ಒತ್ತಿ ನೋಡಿ. ಬಣ್ಣ ಬಿಟ್ಟರೆ ಅದನ್ನು ಫೋಟೊದ ಹತ್ತಿರ ತರಬೇಡಿ.

ಐದನೇ ಹೆಜ್ಜೆ: ಅಂಟು

ಸಾಹಿತಿ ಮಾರ್ಕ್ ಟ್ವೈನ್‌ಗೂ ಸ್ಕ್ರ್ಯಾಪ್‌ಬುಕ್ ಹುಚ್ಚು ಇತ್ತು. ಅಂಟು ಬಳಿಯುವ ರಗಳೆ ತಪ್ಪಿಸಲು ಆತ ಪುಟದ ಮೇಲೆ ಮೊದಲೇ ಅಂಟು ಒಣಗಿಸಿಟ್ಟ ಪುಸ್ತಕವನ್ನು ಮಾಡಿ 1873ರಲ್ಲಿ ಅಮೆರಿಕದಲ್ಲಿ ಪೇಟೆಂಟ್ ಪಡೆದ. ಪುಟವನ್ನು ಒದ್ದೆ ಮಾಡಿ ಒತ್ತಿದರೆ ಆಯಿತು. ಆ ಅನುಕೂಲದ ಆಸೆಯೇ ಮುಂದೆ ನಮ್ಮ ಮನೆಯಲ್ಲಿದ್ದಂಥ ಗೆರೆ ಅಂಟಿನ ಆಲ್ಬಮ್‌ಗಳನ್ನೂ ತಂದಿತು ಅಂತ ನನಗನ್ನಿಸುತ್ತದೆ. ಅಂಟಿಸುವುದು ಎಷ್ಟು ಸುಲಭ ಅಂತ ಎಲ್ಲರೂ ನೋಡುತ್ತೇವೆ. ಬಿಡಿಸಬೇಕಾದ ದಿನ ಏನಾಗುತ್ತದೆ ಅಂತ ಕೊಳ್ಳುವಾಗ ಯೋಚಿಸುವುದಿಲ್ಲ.

ಫೋಟೊಗೆ ಎಲ್ಲಕ್ಕಿಂತ ಒಳ್ಳೆಯದು ಫೋಟೊ ಕಾರ್ನರ್. ನಾಲ್ಕು ಮೂಲೆಗೆ ನಾಲ್ಕು ಪುಟ್ಟ ಜೇಬು. ಅಂಟು ಜೇಬಿನ ಹಿಂದೆ ಇರುತ್ತದೆ, ಫೋಟೊಗೆ ತಾಗುವುದೇ ಇಲ್ಲ. ಯಾವಾಗ ಬೇಕಾದರೂ ತೆಗೆಯಬಹುದು, ಹಿಂದೆ ಬರೆದಿದ್ದನ್ನು ಓದಬಹುದು. ಕಾಗದದ್ದೂ ಸಿಗುತ್ತದೆ, ಪಾರದರ್ಶಕ ಪ್ಲಾಸ್ಟಿಕ್‌ದೂ ಸಿಗುತ್ತದೆ. ಪುಟದಲ್ಲಿ ಮೂಲ ಫೋಟೊವನ್ನೇ ಇಡಲೇಬೇಕು ಅನ್ನುವವರಿಗೆ ಇದು ಒಳ್ಳೆಯ ದಾರಿ.

ಹೊಸ ಪ್ರಿಂಟ್‌ಗಳಿಗೆ ಆಸಿಡ್ ಫ್ರೀ ಡಬಲ್ ಸೈಡ್ ಟೇಪ್ ಸಾಕು. ನಾಲ್ಕು ಮೂಲೆಗೆ ಚಿಕ್ಕ ತುಂಡು, ನಡುವೆ ಒಂದು. ಪೂರ್ತಿ ಹಿಂಬದಿಗೆ ಬಳಿಯುವ ಅಗತ್ಯವಿಲ್ಲ. ಕಾಗದದ ಮೇಲೆ ಕಾಗದ ಹಚ್ಚಲು ಗ್ಲೂ ಸ್ಟಿಕ್ ಅಥವಾ ಬಿಳಿ ಅಂಟು. ಬಿಳಿ ಅಂಟಿನಲ್ಲಿ ನೀರಿದೆ, ಜಾಸ್ತಿ ಹಾಕಿದರೆ ಹಾಳೆ ಅಲೆ ಅಲೆಯಾಗಿ ಏಳುತ್ತದೆ. ತೆಳ್ಳಗೆ ಹಚ್ಚಿ, ಮೇಲೊಂದು ಹಾಳೆ ಇಟ್ಟು, ದಪ್ಪ ಪುಸ್ತಕಗಳ ಕೆಳಗೆ ಒಂದು ರಾತ್ರಿ ಒತ್ತಿಡಿ. ಗುಂಡಿ, ಚಿಪ್ಪಿನಂಥ ಗಟ್ಟಿ ವಸ್ತುಗಳಿಗೆ ಗ್ಲೂ ಡಾಟ್ ಎನ್ನುವ ಅಂಟಿನ ಚುಕ್ಕಿ. ಎತ್ತರ ಬೇಕಾದ ಕಡೆ ಫೋಮ್ ಟೇಪ್ ಬಳಸಬಹುದು. ಆದರೆ ಕೆಲವು ಬಗೆಯ ಫೋಮ್ ವರ್ಷಗಳು ಕಳೆದಂತೆ ಪುಡಿಯಾಗುತ್ತದೆ. ಶೀರ್ಷಿಕೆಯ ಅಕ್ಷರಕ್ಕೆ ಸರಿ, ಫೋಟೊಗೆ ಬೇಡ.

ದೂರ ಇಡಬೇಕಾದವು ಮೂರು. ಸಾಮಾನ್ಯ ಸೆಲ್ಲೊ ಟೇಪ್ ಮೊದಲನೆಯದು. ಅದರ ಅಂಟು ಹಳದಿಯಾಗಿ ಹಾಳೆಯ ಒಳಕ್ಕೆ ಇಳಿಯುತ್ತದೆ. ಮೇಲಿನ ಪ್ಲಾಸ್ಟಿಕ್ ಒಂದು ದಿನ ತಾನಾಗಿ ಉದುರುತ್ತದೆ, ಕಲೆ ಮಾತ್ರ ಅಲ್ಲೇ ಉಳಿಯುತ್ತದೆ. ಎರಡನೆಯದು ರಬ್ಬರ್ ಸೊಲ್ಯೂಷನ್ ಜಾತಿಯ ಅಂಟು, ಅದು ಫೋಟೊದ ಮೇಲೆ ಕಲೆ ಮಾಡುತ್ತದೆ. ಮೂರನೆಯದು ಗ್ಲೂ ಗನ್‌ನ ಬಿಸಿ ಅಂಟು. ಗಂಟು ಗಂಟಾಗಿ ನಿಂತು ಎದುರು ಪುಟದ ಫೋಟೊವನ್ನು ಒತ್ತುತ್ತದೆ.

ಆರನೇ ಹೆಜ್ಜೆ: ಪೆನ್ನು

ಪಿಗ್ಮೆಂಟ್ ಶಾಯಿಯ ಪೆನ್ನು ತೆಗೆದುಕೊಳ್ಳಿ. ಸಾಮಾನ್ಯ ಸ್ಕೆಚ್ ಪೆನ್ನಿನಲ್ಲಿ ಬಣ್ಣ ನೀರಿನಲ್ಲಿ ಕರಗಿರುತ್ತದೆ. ಬೆಳಕಿಗೆ ಮಾಸುತ್ತದೆ, ತೇವಕ್ಕೆ ಹರಡುತ್ತದೆ. ಪಿಗ್ಮೆಂಟ್ ಶಾಯಿಯಲ್ಲಿ ಬಣ್ಣದ ಸಣ್ಣ ಕಣಗಳಿರುತ್ತವೆ, ಒಣಗಿದ ಮೇಲೆ ಅವು ಹಾಳೆಯ ನಾರಿಗೆ ಹಿಡಿದು ಕೂರುತ್ತವೆ. ಜಪಾನಿನ ಸಕುರಾ ಕಂಪನಿ 1982ರಲ್ಲಿ ತಂದ ಪಿಗ್ಮಾ ಶಾಯಿ ಈ ಹವ್ಯಾಸದವರಿಗೆ ಚೆನ್ನಾಗಿ ಗೊತ್ತು. ಆ ಶಾಯಿ ತುಂಬಿದ ಪಿಗ್ಮಾ ಮೈಕ್ರಾನ್ ಪೆನ್ನಿನ ಮೇಲೆ 01 ಅಂತ ಇದ್ದರೆ ಗೆರೆ 0.25 ಮಿಲಿಮೀಟರ್, 05 ಅಂತ ಇದ್ದರೆ 0.45 ಮಿಲಿಮೀಟರ್. ಕನ್ನಡ ಬರೆಯುವವರಿಗೆ 03 ಅಥವಾ 05 ಹಿತ. ತೀರಾ ಸಣ್ಣ ತುದಿಯಲ್ಲಿ ಒತ್ತಕ್ಷರಗಳ ಸುರುಳಿಗಳಿಗೆ ಮೈ ಬರುವುದಿಲ್ಲ, ತೀರಾ ದಪ್ಪದಲ್ಲಿ ಅವು ಮುಚ್ಚಿಹೋಗುತ್ತವೆ.

ಪೆನ್ನಿನ ಮೇಲೆ ಅನುಮಾನ ಇದ್ದರೆ ನೀವೇ ಪರೀಕ್ಷೆ ಮಾಡಿ. ಒಂದು ಪಟ್ಟಿಯ ಮೇಲೆ ಬರೆದು, ಅರ್ಧ ಭಾಗವನ್ನು ರಟ್ಟಿನಿಂದ ಮುಚ್ಚಿ, ಬಿಸಿಲು ಬೀಳುವ ಕಿಟಕಿಗೆ ಒಂದು ತಿಂಗಳು ಅಂಟಿಸಿಡಿ. ತೆಗೆದು ನೋಡಿದಾಗ ಎರಡೂ ಭಾಗ ಒಂದೇ ಥರ ಇದ್ದರೆ ಧೈರ್ಯವಾಗಿ ಬಳಸಿ.

ಫೋಟೊದ ಹಿಂದೆ ಬಾಲ್ ಪೆನ್ನಿನಿಂದ ಬರೆಯಬೇಡಿ. ಒತ್ತಿದ ಗೆರೆ ಮುಂಬದಿಯಲ್ಲಿ ಉಬ್ಬಿ ಕಾಣುತ್ತದೆ. ಹಳೇ ಕಾಗದದ ಫೋಟೊಗೆ ಮೆತ್ತನೆಯ ಪೆನ್ಸಿಲ್‌ನಿಂದ ಅಂಚಿನಲ್ಲಿ ಹಗುರವಾಗಿ ಬರೆಯಿರಿ. ಈಗಿನ ಫೋಟೊಗಳ ಹಿಂಬದಿ ಪ್ಲಾಸ್ಟಿಕ್ ಲೇಪನದಿಂದ ನುಣುಪಾಗಿರುವುದರಿಂದ ಪೆನ್ಸಿಲ್ ಹತ್ತುವುದಿಲ್ಲ. ಅದಕ್ಕೆಂದೇ ಇರುವ ಫೋಟೊ ಪೆನ್ಸಿಲ್ ಬೇಕು.

ಏಳನೇ ಹೆಜ್ಜೆ: ಸಲಕರಣೆ

ಜಾಸ್ತಿ ಕೊಳ್ಳಬೇಡಿ. ಚೂಪಾದ ಕತ್ತರಿ, ಬ್ಲೇಡ್ ಬದಲಿಸಬಹುದಾದ ಕಟರ್, ಲೋಹದ ಸ್ಕೇಲ್, ಕತ್ತರಿಸುವ ಮ್ಯಾಟ್, ಪೆನ್ಸಿಲ್, ಒಳ್ಳೆಯ ರಬ್ಬರ್, ಚಿಮಟ. ಪ್ಲಾಸ್ಟಿಕ್ ಸ್ಕೇಲ್ ಇಟ್ಟು ಕಟರ್ ಎಳೆದರೆ ಸ್ಕೇಲಿಗೇ ಕಚ್ಚು ಬೀಳುತ್ತದೆ, ಮುಂದಿನ ಗೆರೆಗಳೆಲ್ಲ ಸೊಟ್ಟ. ಈ ಹವ್ಯಾಸ ಹಿಡಿಸಿತು ಅಂತ ಖಾತ್ರಿಯಾದ ಮೇಲೆ 12 ಇಂಚಿನ ಪೇಪರ್ ಟ್ರಿಮ್ಮರ್ ತೆಗೆದುಕೊಳ್ಳಿ. ಪಂಚ್, ರಬ್ಬರ್ ಸ್ಟ್ಯಾಂಪ್, ಕತ್ತರಿಸುವ ಯಂತ್ರ ಎಲ್ಲ ಆಮೇಲೆ.

ಎಂಟನೇ ಹೆಜ್ಜೆ: ಅಂಟಿಸುವ ಮುಂಚೆ ಜೋಡಿಸಿ ನೋಡುವುದು

ಒಂದು ಲೆಕ್ಕ ಕೊಡುತ್ತೇನೆ, ಇದನ್ನು ಹಾಗೇ ಮಾಡಿ ನೋಡಿ. 12×12 ಹಾಳೆಯ ಸುತ್ತ ಅರ್ಧ ಇಂಚು ಬಿಡಿ. ಒಳಗೆ 11×11 ಇಂಚು ಉಳಿಯುತ್ತದೆ. 4×6ರ ಎರಡು ನಿಂತ ಫೋಟೊಗಳನ್ನು ಮೇಲೆ ಎಡಗಡೆ ಅಕ್ಕಪಕ್ಕ ಇಡಿ, ನಡುವೆ ಕಾಲು ಇಂಚು ಸಂದಿ. ಅದು ಎಂಟೂಕಾಲು ಇಂಚು ಅಗಲ ಹಿಡಿಯಿತು. ಇನ್ನೊಂದು ಕಾಲು ಇಂಚು ಬಿಟ್ಟರೆ ಬಲಗಡೆ ಎರಡೂವರೆ ಇಂಚು ಅಗಲ, ಆರು ಇಂಚು ಎತ್ತರದ ಪಟ್ಟಿ ಉಳಿಯುತ್ತದೆ. ಅದು ಬರಹದ ಜಾಗ. ಕೆಳಗೆ ಎಡಗಡೆ ಅಡ್ಡ ಫೋಟೊ ಒಂದು, ಆರು ಇಂಚು ಅಗಲದ್ದು. ಅದರ ಬಲಕ್ಕೆ ಸುಮಾರು ನಾಲ್ಕೂಮುಕ್ಕಾಲು ಇಂಚಿನ ಚೌಕ ಸಿಗುತ್ತದೆ. ಶೀರ್ಷಿಕೆ, ಟಿಕೆಟ್ ಎಲ್ಲ ಅಲ್ಲಿಗೆ. ಹೊಸಬರು ಈ ಒಂದೇ ಜೋಡಣೆಯನ್ನು ತಿರುಗಿಸಿ, ಬೋರಲು ಹಾಕಿ ನಾಲ್ಕೈದು ಪುಟ ಮಾಡಬಹುದು.

ಸಂದಿಗಳೆಲ್ಲ ಒಂದೇ ಅಳತೆ ಇರಲಿ. ಪುಟ ಅಚ್ಚುಕಟ್ಟಾಗಿ ಕಾಣುವುದರ ಗುಟ್ಟು ಅಷ್ಟೇ. ಮುಖ್ಯ ಫೋಟೊದ ಹಿಂದೆ ಒಂದು ಬಣ್ಣದ ಅಂಚು ಬೇಕಾದರೆ ನಾಲ್ಕೂ ಕಡೆ 3 ಮಿಲಿಮೀಟರ್ ಹೊರಗೆ ಕಾಣುವಂತೆ ಕಾರ್ಡ್‌ಸ್ಟಾಕ್ ಕತ್ತರಿಸಿ. ಬಣ್ಣಗಳನ್ನು ಫೋಟೊದ ಒಳಗಿನಿಂದಲೇ ಆರಿಸಿ. ಮಗು ಹಳದಿ ಅಂಗಿ ಹಾಕಿದ್ದರೆ ಪುಟದಲ್ಲಿ ಮೂರು ಕಡೆ ಸ್ವಲ್ಪ ಸ್ವಲ್ಪ ಹಳದಿ ಬರಲಿ. ಆ ಮೂರು ಜಾಗ ತ್ರಿಕೋನದ ಹಾಗೆ ಇದ್ದರೆ ಕಣ್ಣು ಪುಟದ ತುಂಬ ಓಡಾಡುತ್ತದೆ. ಫೋಟೊದಲ್ಲಿರುವ ವ್ಯಕ್ತಿ ಪುಟದ ಒಳಗೆ ನೋಡುತ್ತಿರಲಿ. ಹೊರಗೆ ನೋಡುತ್ತಿದ್ದರೆ ಓದುವವರ ಕಣ್ಣೂ ಹೊರಗೇ ಹೋಗುತ್ತದೆ.

ಜೋಡಿಸಿದ್ದನ್ನು ಫೋನಿನಲ್ಲಿ ಒಂದು ಫೋಟೊ ತೆಗೆದಿಡಿ, ಆಮೇಲೆ ಅಂಟಿಸಿ. ದೊಡ್ಡದು ಮೊದಲು, ಚಿಕ್ಕದು ಕೊನೆಗೆ. ಪೆನ್ಸಿಲ್‌ನಲ್ಲಿ ಮೂಲೆಗಳಿಗೆ ಚುಕ್ಕಿ ಹಾಕಿಕೊಂಡರೆ ಸೊಟ್ಟ ಆಗುವುದಿಲ್ಲ. ಕೈ ತೊಳೆದು ಒರೆಸಿಕೊಂಡು ಕೂತುಕೊಳ್ಳಿ, ಫೋಟೊವನ್ನು ಅಂಚಿನಲ್ಲೇ ಹಿಡಿಯಿರಿ. ಬೆರಳಿನ ಎಣ್ಣೆ ಇವತ್ತು ಕಾಣದಿದ್ದರೂ ಮುಂದೆ ಗುರುತಾಗಿ ಮೂಡುತ್ತದೆ.

ಒಂಬತ್ತನೇ ಹೆಜ್ಜೆ: ಬರೆಯುವುದು

ಎಲ್ಲರೂ ತಪ್ಪಿಸಿಕೊಳ್ಳುವ ಹೆಜ್ಜೆ ಇದು. "ಅಕ್ಷರ ಚೆನ್ನಾಗಿಲ್ಲ" ಅನ್ನುತ್ತಾರೆ. ನಿಮ್ಮ ಅಮ್ಮ ಬರೆದಿಟ್ಟ ಹಳೇ ಚೀಟಿ ಸಿಕ್ಕಿದರೆ ನೀವು ಅಕ್ಷರದ ಅಂದ ನೋಡುತ್ತೀರಾ? ಅದು ಅವರ ಕೈ ಅಂತ ಎದೆಗೆ ಒತ್ತಿಕೊಳ್ಳುತ್ತೀರಿ. ನಿಮ್ಮ ಅಕ್ಷರವೂ ಯಾರಿಗೋ ಹಾಗೇ ಆಗುತ್ತದೆ.

ಮೊದಲು ಬೇರೆ ಹಾಳೆಯಲ್ಲಿ ಕರಡು ಬರೆಯಿರಿ. ಯಾರು, ಎಲ್ಲಿ, ಯಾವ ದಿನ ಎಂಬುದು ಪೂರ್ತಿ ಹೆಸರು, ಪೂರ್ತಿ ದಿನಾಂಕದೊಂದಿಗೆ ಇರಲಿ. "ನಾವೆಲ್ಲ" ಅಂತ ಬರೆದರೆ ಇನ್ನೊಂದು ತಲೆಮಾರಿಗೆ ಅದು ಯಾರೂ ಅಲ್ಲ. ಆಮೇಲೆ ಫೋಟೊದಲ್ಲಿ ಕಾಣದ್ದನ್ನು ಬರೆಯಿರಿ. ಕ್ಯಾಮೆರಾ ಹಿಡಿದವರು ಯಾರು? ಕ್ಲಿಕ್ ಮಾಡುವ ಮುಂಚೆ ಯಾರು ಏನು ಅಂದರು? ಆ ದಿನ ಚಳಿ ಇತ್ತಾ? ಯಾರು ಬಂದಿರಲಿಲ್ಲ? "ತುಂಬಾ ಸುಂದರ ದಿನ" ಅಂತ ಬರೆದರೆ ಓದುವವರಿಗೆ ಏನೂ ಸಿಗುವುದಿಲ್ಲ. "ಮಳೆ ನಿಲ್ಲಲಿ ಅಂತ ಎರಡು ಗಂಟೆ ಕಾದೆವು, ತಮ್ಮ ಅಷ್ಟು ಹೊತ್ತೂ ಒಂದೇ ಹಾಡು ಹೇಳುತ್ತಿದ್ದ" ಅಂತ ಬರೆದರೆ ಆ ದಿನವೇ ಸಿಗುತ್ತದೆ.

ಅಜ್ಜಿಯ ಅರ್ಧ ಫೋಟೊಗೂ ನಾನು ಒಂದು ಪುಟ ಮಾಡಿದ್ದೇನೆ. ಉಳಿದ ತುಂಡು ಪಾಲಿಯೆಸ್ಟರ್ ಜೇಬಿನಲ್ಲಿದೆ. ಹರಿದುಹೋದ ಭಾಗದಲ್ಲಿ ಏನಿತ್ತು ಅಂತ ಅಮ್ಮನನ್ನು ಕೂರಿಸಿಕೊಂಡು ಕೇಳಿದೆ. ಸೆರಗನ್ನು ಎಡಗೈಯಲ್ಲಿ ಹಿಡಿದಿದ್ದಳು, ಪಕ್ಕದ ಕುರ್ಚಿಯ ಮೇಲೆ ಕನ್ನಡಕ ಇತ್ತು, ಫೋಟೊ ತೆಗೆಸಿಕೊಳ್ಳಲು ಕನ್ನಡಕ ತೆಗೆದಿಟ್ಟಿದ್ದಳು ಅಂದರು. ಫೋಟೊ ಪೂರ್ತಿ ಇದ್ದಾಗ ಆ ಕನ್ನಡಕದ ಮಾತು ನನಗೆ ಯಾರೂ ಹೇಳಿರಲಿಲ್ಲ, ನಾನೂ ಕೇಳಿರಲಿಲ್ಲ.

ಬರಹಕ್ಕೆ ತಳದ ಹಾಳೆಗಿಂತ ಬೇರೆ ತುಂಡು ಬಳಸುವುದು ಒಳ್ಳೆಯದು. ತಪ್ಪಾದರೆ ಆ ತುಂಡು ಮಾತ್ರ ಬದಲಿಸಿದರೆ ಆಯಿತು. ತೀರಾ ಆಪ್ತ ಮಾತು ಇದ್ದರೆ ಪುಟದ ಹಿಂದೆ ಒಂದು ಲಕೋಟೆ ಅಂಟಿಸಿ ಅದರೊಳಗೆ ಇಡಿ. ಕೊನೆಗೆ, ಪುಟ ಮಾಡಿದವರ ಹೆಸರು ಮತ್ತು ದಿನಾಂಕವನ್ನು ಹಿಂಬದಿಯಲ್ಲಿ ಬರೆಯಿರಿ.

ಹತ್ತನೇ ಹೆಜ್ಜೆ: ಟಿಕೆಟ್, ರಸೀದಿ, ಪತ್ರಿಕೆಯ ತುಂಡು, ಹೂವು

ಅಂಗಡಿಯ ಯಂತ್ರದಿಂದ ಬರುವ ನುಣುಪು ರಸೀದಿ, ಬಹಳಷ್ಟು ಟಿಕೆಟ್ಟುಗಳು ಥರ್ಮಲ್ ಕಾಗದದ ಮೇಲೆ ಇರುತ್ತವೆ. ಅಲ್ಲಿ ಶಾಯಿಯೇ ಇಲ್ಲ, ಬಿಸಿ ತಾಗಿದ ಕಡೆ ಕಾಗದವೇ ಕಪ್ಪಾಗುತ್ತದೆ. ಹಾಗಾಗಿ ಕೆಲವು ವರ್ಷಗಳಲ್ಲಿ ಬರಹ ಮಾಯವಾಗುತ್ತದೆ. ಉಳಿಸಲು ಲ್ಯಾಮಿನೇಟ್ ಮಾಡಿಸಿದರೆ ಆ ಬಿಸಿಗೆ ಇಡೀ ಟಿಕೆಟ್ ಕಪ್ಪಾಗಿಬಿಡುತ್ತದೆ. ಸಿಕ್ಕ ದಿನವೇ ಸ್ಕ್ಯಾನ್ ಮಾಡಿ, ಪ್ರಿಂಟ್ ತೆಗೆದು ಅದನ್ನು ಹಚ್ಚಿ.

ಪತ್ರಿಕೆಯ ತುಂಡಿಗೂ ಇದೇ ಮಾತು. ಆಸಿಡ್ ಫ್ರೀ ಹಾಳೆಯ ಮೇಲೆ ನಕಲು ತೆಗೆಯಿರಿ. ಮೂಲವೇ ಬೇಕೆನ್ನುವವರು ಅದನ್ನು ಪಾಲಿಯೆಸ್ಟರ್ ಕವರಿನಲ್ಲಿ, ಹಿಂದೆ ಬಫರ್ಡ್ ಹಾಳೆ ಇಟ್ಟು, ಫೋಟೊ ಇಲ್ಲದ ಪುಟದಲ್ಲಿ ಇಡಬಹುದು.

ಹೂವನ್ನು ಶಾಯಿ ಹೀರುವ ಬ್ಲಾಟಿಂಗ್ ಹಾಳೆಗಳ ನಡುವೆ ಇಟ್ಟು, ಭಾರ ಹೇರಿ, ಎರಡು ಮೂರು ವಾರ ಬಿಡಿ. ಮೊದಲ ವಾರದಲ್ಲಿ ಹಾಳೆ ಒಂದೆರಡು ಸಲ ಬದಲಿಸಿ. ತೆಳು ಎಸಳಿನ ಹೂ ಚೆನ್ನಾಗಿ ಒಣಗುತ್ತದೆ, ದಪ್ಪ ತೊಟ್ಟು, ರಸ ತುಂಬಿದ ಹೂ ಬೂಸ್ಟು ಹಿಡಿಯುತ್ತದೆ. ಒಣಗಿದ್ದನ್ನೂ ಪುಟಕ್ಕೆ ಬರಿದೇ ಅಂಟಿಸದೆ ಪಾರದರ್ಶಕ ಜೇಬಿಗೆ ಹಾಕಿ. ಒಳಗೆ ಉಳಿದ ರಸ ಎದುರು ಪುಟಕ್ಕೆ ಕಲೆ ಮಾಡಬಹುದು, ಒಣ ಎಲೆ ಹುಳಗಳನ್ನೂ ಕರೆಯುತ್ತದೆ.

ಪಿನ್ನು, ಸ್ಟೇಪ್ಲರ್ ಪಿನ್ನು ತುಕ್ಕು ಹಿಡಿಯುತ್ತವೆ. ಹಳೇ ಪತ್ರಗಳಲ್ಲಿ ಇದ್ದರೆ ಬಿಡಿಸಿ ತೆಗೆಯಿರಿ.

ಹಳೇ ಅಂಟು ಆಲ್ಬಮ್‌ನಿಂದ ಫೋಟೊ ಬಿಡಿಸಬೇಕಾದರೆ

ಇದನ್ನು ನಾನು ಅವತ್ತೇ ತಿಳಿದುಕೊಂಡಿರಬೇಕಿತ್ತು. ಮೊದಲು ಪುಟವನ್ನು ಹಾಗೇ ಸ್ಕ್ಯಾನ್ ಮಾಡಿ, ಇಲ್ಲವೇ ಒಳ್ಳೆಯ ಬೆಳಕಿನಲ್ಲಿ ಫೋಟೊ ತೆಗೆಯಿರಿ. ಪ್ಲಾಸ್ಟಿಕ್ ಹಾಳೆಯನ್ನು ನಿಧಾನವಾಗಿ ಎತ್ತಿ. ಅದೇ ಫೋಟೊಗೆ ಅಂಟಿದ್ದರೆ ಎಳೆಯಬೇಡಿ. ಆಮೇಲೆ ಹಲ್ಲು ಶುಚಿ ಮಾಡುವ ಫ್ಲಾಸ್ ದಾರವನ್ನು ಒಂದು ಅಡಿಯಷ್ಟು ತೆಗೆದುಕೊಂಡು, ಫೋಟೊದ ಒಂದು ಮೂಲೆಯ ಹಿಂದೆ ತೂರಿಸಿ, ಗರಗಸ ಎಳೆಯುವ ಹಾಗೆ ಅತ್ತ ಇತ್ತ ಎಳೆಯುತ್ತಾ ಕೆಳಗಿಳಿಸಿ. ದಾರ ಅಂಟಿನ ಪದರವನ್ನು ಕೊಯ್ದುಕೊಂಡು ಹೋಗುತ್ತದೆ. ಫೋಟೊ ಚಪ್ಪಟೆಯಾಗೇ ಇರಲಿ, ಬಗ್ಗಿಸಬೇಕಾದರೆ ಹಿಂದಿನ ರಟ್ಟನ್ನು ಬಗ್ಗಿಸಿ. ಬಗ್ಗಿದ ಫೋಟೊದ ಮೇಲೆ ಬಿರುಕು ಬಿದ್ದರೆ ಅದು ಹೋಗುವುದಿಲ್ಲ. ಅರ್ಧಕ್ಕೆ ಬಂದು ಅಲುಗದಿದ್ದರೆ ಅಲ್ಲಿಗೇ ನಿಲ್ಲಿಸಿ. ರಟ್ಟಿನ ಸಮೇತ ಸುತ್ತ ಕತ್ತರಿಸಿ ಇಡುವುದು ಹರಿದುಕೊಳ್ಳುವುದಕ್ಕಿಂತ ಮೇಲು.

ಕೊನೆಯ ಹೆಜ್ಜೆ: ಇಡುವ ಜಾಗ

ಅಟ್ಟ ಬೇಡ, ನೆಲಮಾಳಿಗೆ ಬೇಡ, ಅಡುಗೆಮನೆಯ ಪಕ್ಕವೂ ಬೇಡ. ಮನೆಯ ಒಳಗೋಡೆಗೆ ಇರುವ ಕಪಾಟು ಎಲ್ಲಕ್ಕಿಂತ ವಾಸಿ, ಅಲ್ಲಿ ಬಿಸಿ ಮತ್ತು ತೇವ ಜಾಸ್ತಿ ಏರಿಳಿಯುವುದಿಲ್ಲ. ಗಾಳಿಯ ತೇವಾಂಶ ಶೇ 30ರಿಂದ 50ರ ಒಳಗೆ ಇದ್ದರೆ ಒಳ್ಳೆಯದು. ಅದಕ್ಕಿಂತ ತೇವ ಇರುವ ಕಡೆ ಸಿಲಿಕಾ ಜೆಲ್ ಪೊಟ್ಟಣ ಇಟ್ಟು ಆಗಾಗ ಬದಲಿಸಿ. ಸಪೂರ ಆಲ್ಬಮ್‌ಗಳನ್ನು ಪುಸ್ತಕದ ಹಾಗೆ ನಿಲ್ಲಿಸಬಹುದು. ಉಬ್ಬಿದ ಆಲ್ಬಮ್‌ಗಳನ್ನು ಮಲಗಿಸಿ, ಒಂದರ ಮೇಲೆ ಎರಡು ಮೂರಕ್ಕಿಂತ ಹೆಚ್ಚು ಹೇರಬೇಡಿ.

ವರ್ಷಕ್ಕೊಮ್ಮೆ ಎಲ್ಲ ಪುಟಗಳನ್ನೂ ತಿರುವಿ ನೋಡಿ. ಫೋಟೊದ ಅಂಚಿನಲ್ಲಿ ಕಂದು ಬಣ್ಣ, ಹಾಳೆಯಲ್ಲಿ ಎಣ್ಣೆ ಬಿದ್ದಂಥ ಮಚ್ಚೆ, ಅಂಟಿನ ಜಾಗದಲ್ಲಿ ಹಳದಿ, ಕವರಿಗೆ ಅಂಟಿಕೊಂಡ ಫೋಟೊ, ಸಣ್ಣ ಹುಳ ತಿಂದ ಗುರುತು ಇವುಗಳಲ್ಲಿ ಯಾವುದು ಕಂಡರೂ ಆ ಪುಟವನ್ನು ತಕ್ಷಣ ಬೇರೆ ಮಾಡಿ, ಕಾರಣವಾದ ವಸ್ತುವನ್ನು ತೆಗೆದು, ಹೊಸ ಹಾಳೆಗೆ ಬದಲಿಸಿ. ರಿಂಗ್ ಆಲ್ಬಮ್ ಆಗಿದ್ದರೆ ಇದು ಹತ್ತು ನಿಮಿಷದ ಕೆಲಸ. ಪುಟ ತಿರುವುವಾಗ ಪಕ್ಕದಲ್ಲಿ ಪೆನ್ನೂ ಇರಲಿ. ಯಾರೋ ಒಬ್ಬರು ಬಗ್ಗಿ ನೋಡಿ, "ಅವತ್ತು ನಡೆದದ್ದು ನಿಂಗೆ ಪೂರ್ತಿ ಗೊತ್ತಿಲ್ಲ, ನಾನು ಹೇಳ್ತೀನಿ ಕೇಳು" ಅಂದರೆ, ಅದನ್ನು ಅಲ್ಲೇ ಒಂದು ಚೀಟಿಯಲ್ಲಿ ಬರೆದು ಲಕೋಟೆಗೆ ಸೇರಿಸಿ.